ನಾಲ್ಕು ಗಂಟೆಯ ಕುಟ್ಟಾಣಿ

ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷ. ಕಡೂರಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಮೇಜಿನ ಮೇಲಿದ್ದ ಫೋನು ಎರಡು ಸಲ ಗುಂಯ್ ಎಂದಿತು. ಮೊದಲ ಸಂದೇಶ, 'ಬಿದ್ದಿರುವಂತಿದೆ.' ಅದರ ಬೆನ್ನಿಗೇ ಇನ್ನೊಂದು, 'ಚೆನ್ನಾಗಿದ್ದೇನೆ ಎಂದು ತಿಳಿಸಿದ್ದಾರೆ.' ಎದುರಿಗೆ ಕುಳಿತಿದ್ದ ಇತಿಹಾಸದ ಮೇಡಂ ತಲೆ ಎತ್ತದೆಯೇ, "ನಿಮ್ಮತ್ತೆ ಬಿದ್ರಾ, ಎದ್ರಾ?" ಎಂದು ಕೇಳಿದರು. "ಎರಡೂ ಆಯ್ತು" ಎಂದೆ. ಇಬ್ಬರೂ ನಕ್ಕೆವು.

ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ನಾವು ನಗುತ್ತಿದ್ದ ಹೊತ್ತಿಗೆ ಯಗಟಿ ಕಡೆಯ ನಮ್ಮ ತೆಂಗಿನ ತೋಟದಲ್ಲಿ, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ ತಳದಲ್ಲಿ, ಅತ್ತೆ ಕಾಲು ಮುರಿದುಕೊಂಡು ಕುಳಿತಿದ್ದಳು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ನನ್ನ ಗಂಡನ ತಾಯಿಯೂ ಅವಳೇ. ನಮ್ಮ ಕಡೆ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಹೊಸದಲ್ಲ. ಚಿಕ್ಕಂದಿನಿಂದ ಅವಳನ್ನು 'ನೀನು' ಎಂದೇ ಮಾತಾಡಿಸುತ್ತಿದ್ದೆ. ಮದುವೆಯಾದ ಹೊಸತರಲ್ಲಿ ಇನ್ನು 'ನೀವು' ಅನ್ನಬೇಕೆಂದು ಯಾರೋ ಹಿರಿಯರು ಹೇಳಿಕೊಟ್ಟರು. ಒಂದು ದಿನ ಕಷ್ಟಪಟ್ಟು ಹಾಗೆಯೇ ಅಂದೆ. "ನಾನೇನು ಅಮಲ್ದಾರ್ರೇನೇ? ಮೊದ್ಲಿನಂಗೇ ಅನ್ನು" ಎಂದಳು. ಅಲ್ಲಿಗೆ ಅದು ಮುಗಿಯಿತು.

ಅವಳ ಕೈಗೆ ಆ ವಾಚು ಬಂದದ್ದು ಹಿಂದಿನ ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡು ಮಲಗಿದ್ದಾಗ, ತರೀಕೆರೆಯಲ್ಲಿರುವ ನನ್ನ ನಾದಿನಿ ನೋಡಲು ಬರುವಾಗ ತಂದಳು. ಅದರೊಳಗೇ ಸಿಮ್ ಇತ್ತು, ಫೋನ್ ಮಾಡಬಹುದಿತ್ತು. ಎದೆಬಡಿತ ತೋರಿಸುತ್ತಿತ್ತು, ಎಲ್ಲಿದ್ದಾಳೆ ಎಂದು ಹೇಳುತ್ತಿತ್ತು. ಬಿದ್ದರೆ, "ಚೆನ್ನಾಗಿದ್ದೀರಾ?" ಎಂದು ಕನ್ನಡದಲ್ಲೇ ಕೇಳುತ್ತಿತ್ತು. ಚೆನ್ನಾಗಿದ್ದರೆ ಹಸಿರು ಗುಂಡಿ, ಇಲ್ಲದಿದ್ದರೆ ಕೆಂಪು; ಕೆಂಪನ್ನು ಯಾವಾಗ ಬೇಕಾದರೂ ಒತ್ತಬಹುದಿತ್ತು. ಯಾವುದನ್ನು ಒತ್ತಿದರೂ, ಯಾವುದನ್ನೂ ಒತ್ತದಿದ್ದರೂ, ನಮ್ಮ ಮೂವರ ಫೋನಿಗೂ ಸುದ್ದಿ ಬರುತ್ತಿತ್ತು. ಎಡಗೈಗೆ ಕಟ್ಟಲು ಹೋದರೆ ಅತ್ತೆ ಬಿಡಲಿಲ್ಲ. ಎಡಗೈಗೆ ಕಟ್ಟುವವರು ಗಂಡಸರಂತೆ, ಹೆಂಗಸರಿಗೆ ಬಲಗೈಯೇ ಸರಿಯಂತೆ. ಸರಿ, ಬಲಗೈಗೇ ಕಟ್ಟಿದೆವು.

ಎಡವಟ್ಟಾಗಿದ್ದು ಅಲ್ಲೇ. ಅತ್ತೆಗೆ ಹಲ್ಲಿಲ್ಲ. ದಿನಾ ಸಂಜೆ ನಾಲ್ಕಕ್ಕೆ ಎಲೆ, ಅಡಿಕೆ, ಸುಣ್ಣವನ್ನು ಅಂಗೈಯಗಲದ ಕಬ್ಬಿಣದ ಕುಟ್ಟಾಣಿಗೆ ಹಾಕಿ ಅದೇ ಬಲಗೈಯಿಂದ ಕುಟ್ಟುತ್ತಾಳೆ. ಕುಟ್ಟುವುದೆಂದರೆ ಸಣ್ಣಗೆ ಅಲ್ಲ, ಪಕ್ಕದ ಮನೆಯವರು ಗಡಿಯಾರ ನೋಡುವಷ್ಟು. ಕುಟ್ಟಿ ಬಾಯಿಗೆ ಹಾಕಿಕೊಂಡ ಮೇಲೆ ಗೋಡೆಗೊರಗಿ, ಕೈಕಾಲು ಅಲುಗಿಸದೆ, ಕಣ್ಣು ಅರ್ಧ ಮುಚ್ಚಿ ಕೂರುತ್ತಾಳೆ. ಪಾಪ, ವಾಚಿಗೇನು ಗೊತ್ತು? ದಡದಡ ಪೆಟ್ಟು, ಆಮೇಲೆ ಸದ್ದಿಲ್ಲ. ಅದರ ಲೆಕ್ಕದಲ್ಲಿ ಮನುಷ್ಯ ಬಿದ್ದು ಪ್ರಜ್ಞೆ ತಪ್ಪಿದಂತೆಯೇ.

ಮೊದಮೊದಲು ಅವಳು ಯಾವ ಗುಂಡಿಯನ್ನೂ ಒತ್ತದೆ, ಬಾಯಿ ತುಂಬಿದ್ದರಿಂದ ಮಾತಾಡಲೂ ಆಗದೆ ಕುಳಿತುಬಿಡುತ್ತಿದ್ದಳು. ನಾದಿನಿ ತರೀಕೆರೆಯಿಂದ ಅಳುತ್ತ ಫೋನ್ ಮಾಡುತ್ತಿದ್ದಳು. ಒಂದು ಸಲ ನಮ್ಮ ಮನೆಯವರು ಅಜ್ಜಂಪುರದ ಹತ್ತಿರ ಯಾರದೋ ಬೋರ್‌ವೆಲ್‌ಗೆ ಮೋಟರ್ ಇಳಿಸುತ್ತಿದ್ದವರು, ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದಿದ್ದರು. ಅತ್ತೆ ಮಗನ ಮುಖ ನೋಡಿ, ಎದ್ದು ಹೋಗಿ ಉಗಿದು ಬಂದು, "ಏನಪ್ಪಾ, ಊಟಕ್ ಬಂದ್ಯಾ?" ಎಂದಳು. ಅಂದಿನಿಂದ ಹಸಿರು ಗುಂಡಿ ಒತ್ತುವುದನ್ನು ಕಲಿಸಿದೆವು. ಕುಟ್ಟಿದ ಮೇಲೆ ವಾಚು ಕೇಳುತ್ತಿತ್ತು, ಅವಳು ಒತ್ತುತ್ತಿದ್ದಳು. ನಾಲ್ಕು ಗಂಟೆಯ ಆಸುಪಾಸು ನಮ್ಮ ಫೋನಿಗೆ ಎರಡು ಸಾಲು ಬರುತ್ತಿದ್ದವು. ಬಿದ್ದಿರುವಂತಿದೆ. ಚೆನ್ನಾಗಿದ್ದೇನೆ.

ವಾಚಿನ ಆ ತಪ್ಪನ್ನು ಸರಿಮಾಡಿಸಬಹುದಿತ್ತು. ನಮಗೆ ಮನಸ್ಸಾಗಲಿಲ್ಲ. ಕೊನೆಯ ಪೀರಿಯಡ್ ಮುಗಿಸಿ ಬಂದು ಫೋನ್ ನೋಡಿದರೆ ಅತ್ತೆ ಎಲೆ ಅಡಿಕೆ ಹಾಕಿಕೊಂಡಿದ್ದಾಳೆ ಎಂದು ತಿಳಿಯುತ್ತಿತ್ತು. ಅದಕ್ಕಿಂತ ಒಳ್ಳೆಯ ಕಾಗದವನ್ನು ಯಾರು ಬರೆಯುತ್ತಾರೆ?

ವಾಚು ಕಟ್ಟಿಕೊಳ್ಳಲು ಅವಳು ಒಪ್ಪಿದ್ದು ತೋಟಕ್ಕಾಗಿ. ವಾರಕ್ಕೆರಡು ಸಲ ಬಸ್ಸು ಹತ್ತಿ ಒಬ್ಬಳೇ ತೋಟಕ್ಕೆ ಹೋಗಿ, ಸಂಜೆಯ ಬಸ್ಸಿಗೆ ಬರುವುದು ಅವಳ ಪದ್ಧತಿ. ಅಲ್ಲಿ ಅವಳಿಗೆ ಕೆಲಸವೇನೂ ಇಲ್ಲ. ಬಿದ್ದ ಗರಿ ಎಳೆದು ಹಾಕುತ್ತಾಳೆ, ಉದುರಿದ ಕಾಯಿ ಒಟ್ಟುತ್ತಾಳೆ, ಮೋಟರ್ ಮನೆಯ ನೆರಳಲ್ಲಿ ಕಂಬಳಿ ಹಾಸಿ ಒರಗುತ್ತಾಳೆ. ಅವಳ ಬಾಳಿನ ಮುಕ್ಕಾಲು ಪಾಲು ಆ ಮರಗಳ ಬುಡದಲ್ಲಿ ಕಳೆದಿದೆ. ಬಚ್ಚಲಲ್ಲಿ ಬಿದ್ದ ಮೇಲೆ ನಮ್ಮ ಮನೆಯವರು ಒಂದು ಷರತ್ತು ಹಾಕಿದ್ದರು. ವಾಚು ಕಟ್ಟಿಕೊಂಡರೆ ಬಸ್ಸು ಹತ್ತಬಹುದು. ತೋಟದಲ್ಲಿ ಒಂದು ಸಲ ಬಿದ್ದರೂ ಬಸ್ಸು ಬಂದ್. ಅತ್ತೆ ಮಗನನ್ನು ದಿಟ್ಟಿಸಿ ನೋಡಿ, ಬಲಗೈ ಮುಂದೆ ಚಾಚಿದ್ದಳು.

ಆ ದಿನ ಒಂದೂ ಇಪ್ಪತ್ತಕ್ಕೆ ಬಂದ ಸಂದೇಶವನ್ನು ನೋಡಿ, ಇವತ್ತು ಊಟವಾದ ಕೂಡಲೇ ಕುಟ್ಟಿಕೊಂಡಿದ್ದಾಳೆ ಅಂದುಕೊಂಡೆ. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ನಾಲ್ಕಾಯಿತು. ಫೋನು ಸುಮ್ಮನಿತ್ತು. ನಾಲ್ಕೂ ಕಾಲು ದಾಟಿತು. ಉತ್ತರ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದವಳಿಗೆ ಒಂದೇ ಉತ್ತರವನ್ನು ಎಷ್ಟು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಏನು ಕಡಿಮೆಯಾಗಿದೆ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಮಧ್ಯಾಹ್ನ ಹಾಕಿಕೊಂಡಳೆಂದು ಸಂಜೆಯದನ್ನು ಬಿಡುವವಳಲ್ಲ ಅತ್ತೆ. ವಾಚಿಗೆ ಫೋನ್ ಮಾಡಿದೆ. ಕೂಡಲೇ ಎತ್ತಿದಳು.

"ಎಲ್ಲಿದ್ದೀಯತ್ತೆ?"

"ತೋಟದಾಗೆ ಕಣೇ. ಇನ್ನೆಲ್ಲಿರ್ಲಿ?"

"ಹೇಗಿದ್ದೀಯ?"

"ಚೆನ್ನಾಗಿದ್ದೀನಿ."

"ಎಲೆ ಅಡಿಕೆ ಹಾಕ್ಕೊಂಡ್ಯಾ?"

"ಹೂಂ, ಈಗ್ತಾನೆ ಹಾಕ್ಕೊಂಡೆ."

ಈಗ ತಾನೇ ಹಾಕಿಕೊಂಡಿದ್ದರೆ ನನ್ನ ಫೋನಿಗೆ ಎರಡು ಸಾಲು ಬರಬೇಕಿತ್ತು. ಅದೂ ಇರಲಿ, ಬಾಯಲ್ಲಿ ರಸ ತುಂಬಿದ್ದರೆ ಅತ್ತೆ ಗದ್ದ ಮೇಲೆತ್ತಿ, ಅರ್ಧ ಮಾತು ನುಂಗಿ ಮಾತಾಡುತ್ತಾಳೆ. ಈ ದನಿ ಸ್ವಚ್ಛವಾಗಿತ್ತು. ತೀರಾ ಹತ್ತಿರದಿಂದಲೇ ನೀರು ಧೋ ಎಂದು ಬೀಳುವ ಸದ್ದು ಬರುತ್ತಿತ್ತು. ಅದೇನೆಂದು ಕೇಳಿದೆ. "ಮೋಟ್ರು ಬಂದೈತೆ. ಇಡು ಇನ್ನ, ಸುಮ್ನೆ ಮಾತಾಡ್ತಾ ಕೂತವ್ಳೆ" ಎಂದು ತಾನೇ ಇಟ್ಟುಬಿಟ್ಟಳು.

ಸ್ಕೂಟರ್ ಹತ್ತುತ್ತಲೇ ನಮ್ಮ ಮನೆಯವರಿಗೆ ಫೋನ್ ಮಾಡಿದೆ. ಅವರು ಅಜ್ಜಂಪುರದಲ್ಲಿದ್ದರು. ಅತ್ತೆ ಸುಳ್ಳು ಹೇಳುತ್ತಿದ್ದಾಳೆ ಎಂದೆ. ಏನಂತ ಎಂದರು. ಎಲೆ ಅಡಿಕೆ ಹಾಕಿಕೊಂಡೆ ಅಂತ. ಬೇರೆ ಯಾರಾದರೂ ಆಗಿದ್ದರೆ ನನಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಅವರು ಅನ್ನಲಿಲ್ಲ. ನೀರಿನ ಸದ್ದಿನ ವಿಷಯ ಹೇಳಿದಾಗ ಮಾತ್ರ ಅವರ ದನಿ ಇಳಿಯಿತು.

"ಮೋಟ್ರು ಹಾಕಿದ್ದು ನಾನೇ ಕಣೇ. ಇಲ್ಲಿಂದ."

ನಮ್ಮ ಬೋರ್‌ವೆಲ್‌ಗೆ ಅವರೇ ಮೊಬೈಲ್ ಸ್ಟಾರ್ಟರ್ ಕೂರಿಸಿದ್ದರು. ತ್ರೀ ಫೇಸ್ ಕರೆಂಟು ಬಂದದ್ದು ಫೋನಿನಲ್ಲಿ ಗೊತ್ತಾಗುತ್ತದೆ, ಎಲ್ಲಿದ್ದರೂ ಅಲ್ಲಿಂದಲೇ ಮೋಟರ್ ಹಾಕಬಹುದು. ಬೋರಿನ ನೀರು ಹೊಂಡಕ್ಕೆ ಬೀಳುತ್ತದೆ, ಹೊಂಡದಿಂದ ಮರಗಳಿಗೆ ಹೋಗುತ್ತದೆ. ಆ ದಿನ ಮೂರು ಗಂಟೆಗೆ ಕರೆಂಟು ಬಂದಿತ್ತು, ಅವರು ಹಾಕಿದ್ದರು. ಆಫ್ ಮಾಡಿ ಎಂದೆ. ಮಾಡುತ್ತಲೇ ಇದ್ದೇನೆ, ಅದು ಉತ್ತರ ಕೊಡುತ್ತಿಲ್ಲ ಎಂದರು. ಆಮೇಲೆ ನಾನು ಫೋನನ್ನು ಬ್ಯಾಗಿಗೆ ಹಾಕಿ ಗಾಡಿ ಓಡಿಸಿದೆ. ಯಗಟಿ ರಸ್ತೆಯಲ್ಲಿ ಅಷ್ಟು ವರ್ಷ ಓಡಾಡಿದ್ದೇನೆ; ಆ ದಿನ ದಾರಿಯಲ್ಲಿ ಏನು ಕಂಡೆನೆಂದು ಕೇಳಿದರೆ ಒಂದು ಕುರಿಮಂದೆ ಅಡ್ಡ ಬಂದದ್ದು ಬಿಟ್ಟು ಬೇರೇನೂ ನೆನಪಿಲ್ಲ. ಆ ಮಂದೆ ದಾಟುವುದು ಮುಗಿಯುವುದೇ ಇಲ್ಲ ಅನ್ನಿಸಿತ್ತು. ತೋಟದ ತಿರುವಿನ ಟೀ ಅಂಗಡಿಯಲ್ಲಿ ಇಬ್ಬರು ಕುಳಿತಿದ್ದರು. ಹಗ್ಗ ತಗೊಂಡು ಬನ್ನಿ, ಅತ್ತೆ ಹೊಂಡಕ್ಕೆ ಬಿದ್ದಿದ್ದಾಳೆ ಎಂದು ಕೂಗಿದೆ. ಬಿದ್ದಿದ್ದಾಳೆಂದು ನನಗೆ ಯಾರೂ ಹೇಳಿರಲಿಲ್ಲ. ಬಾಯಿಂದ ತಾನಾಗಿ ಬಂತು.

ಹೊಂಡದ ಅಂಚಿಗೆ ಬಂದು ನೋಡಿದಾಗ ಅವಳ ತಲೆ, ಹೆಗಲು, ವಾಚು ನೆನೆಯದಂತೆ ಮೇಲೆತ್ತಿದ ಬಲಗೈ ಕಂಡವು. ನೀರು ಎದೆಮಟ್ಟಕ್ಕೆ ಬಂದಿತ್ತು. ಎಡಗೈಯಲ್ಲಿ ಒಂದು ತೆಂಗಿನಕಾಯಿಯನ್ನು ಮಗುವಿನಂತೆ ಅವಚಿಕೊಂಡಿದ್ದಳು.

"ನೀನ್ಯಾಕ್ ಬಂದ್ಬಿಟ್ಟೆ? ಕಾಲೇಜಿಲ್ವೇನೇ?"

ನಾನು ಮೋಟರ್ ಮನೆಗೆ ಓಡಿ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿದೆ. ನೀರಿನ ಸದ್ದು ನಿಂತಿತು. ಕೆಳಗಿಳಿಯಲು ಕಾಲಿಟ್ಟರೆ, ಇಳಿಯಬೇಡ, ಪಾಚಿ ಕಟ್ಟಿದೆ ಎಂದು ಗದರಿಸಿದಳು. ಅವಳು ಹೇಳಿಕೊಟ್ಟಂತೆ ಅವಳ ಕಂಬಳಿಯನ್ನು ನೆನೆಸಿ ಪ್ಲಾಸ್ಟಿಕ್ ಮೇಲೆ ಇಳಿಬಿಟ್ಟು, ಒಂದು ತುದಿಯನ್ನು ಮರಕ್ಕೆ ಕಟ್ಟಿದೆ. ಒದ್ದೆ ಕಂಬಳಿ ಕಾಲಿಗೆ ಹಿಡಿತ ಕೊಟ್ಟಿತು. ಇಳಿದು ಅವಳ ಪಕ್ಕದಲ್ಲಿ ನೀರಿನೊಳಗೇ ಕುಳಿತು ಬೆನ್ನ ಹಿಂದೆ ಕೈ ಹಾಕಿದೆ. ಮೈ ತಣ್ಣಗಿತ್ತು. ಒಂದು ಕಾಲು ನೀರಿನಡಿಯಲ್ಲಿ ಬೇಡದ ಕಡೆಗೆ ತಿರುಗಿತ್ತು.

ಹೇಗೆ ಬಿದ್ದೆ ಎಂದು ಕೇಳಿದೆ. ಆಗ ತಳದಲ್ಲಿ ಸ್ವಲ್ಪವೇ ನೀರು, ಅದರಲ್ಲಿ ಕಾಯಿ ತೇಲುತ್ತಿತ್ತಂತೆ. ಒಂದು ಕಾಯಿ. ಕೋಲಿನಿಂದ ಎಳೆದುಕೊಳ್ಳಲು ಹೋದಳಂತೆ. ತೆಂಗು ಬೆಳೆದವರು ತೇಲುವ ಕಾಯಿಯನ್ನು ನೋಡಿಕೊಂಡು ಹೋಗುವುದಿಲ್ಲ, ಅದು ನನಗೂ ಗೊತ್ತು.

"ವಾಚು ಕೇಳ್ತಲ್ಲ ಅತ್ತೆ. ಕೆಂಪು ಯಾಕೆ ಒತ್ತಲಿಲ್ಲ?"

"ಕೆಂಪು ಒತ್ತಿದ್ರೆ ಬಸ್ ನಿಂತೋಗ್ತಿತ್ತು" ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಗುಟ್ಟು ಹೇಳುವವಳಂತೆ, "ಅವನಿಗೆ ಹೇಳ್ಬೇಡ. ಮನೆ ಮೆಟ್ಲತ್ರ ಉಳುಕ್ತು ಅನ್ನಣ" ಎಂದಳು.

ಎದೆಯ ತನಕ ನೀರಲ್ಲಿ ಕುಳಿತು, ಮುರಿದ ಕಾಲಿಟ್ಟುಕೊಂಡು, ಅವಳು ನನ್ನನ್ನು ಸುಳ್ಳಿಗೆ ಜೊತೆ ಸೇರಿಸಿಕೊಳ್ಳುತ್ತಿದ್ದಳು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಅವಳ ಲೆಕ್ಕವೆಲ್ಲ ಆಮೇಲೆ ತಿಳಿಯಿತು. ಕರೆಂಟು ಐದಕ್ಕೆ ಹೋಗುತ್ತದೆ, ಆಮೇಲೆ ನೀರೇರುವುದಿಲ್ಲ. ಕುರಿಗೆ ನೀರು ಕುಡಿಸಲು ಯಾರಾದರೂ ಬಂದೇ ಬರುತ್ತಾರೆ. ಎತ್ತಿ ಕೂರಿಸಿದರೆ ಬಸ್ಸಿಗೆ ಹೋಗಬಹುದು.

ಟೀ ಅಂಗಡಿಯ ಇಬ್ಬರೂ ಬಂದು, ಕಂಬಳಿಯಲ್ಲೇ ಸುತ್ತಿ ಅವಳನ್ನು ಮೇಲೆಳೆದರು. ಕಾಯಿಯನ್ನು ಮೊದಲು ದಡಕ್ಕೆ ಎಸೆದು, ಆಮೇಲೆ ತಾನು ಬಂದಳು. ಕಾರು ಹಿಡಿದು ಕಡೂರಿಗೆ ಬರುವಷ್ಟರಲ್ಲಿ ನಮ್ಮ ಮನೆಯವರೂ ಆಸ್ಪತ್ರೆ ಬಾಗಿಲಲ್ಲಿದ್ದರು. ಮಗನನ್ನು ಕಂಡು ಅತ್ತೆ ನನ್ನತ್ತ ನೋಡಿದಳು. ನಾನು ತಲೆ ತಗ್ಗಿಸಿದೆ. ಸೀರೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಮನೆ ಮೆಟ್ಟಿಲಿನ ಕತೆಯನ್ನು ಯಾರು ನಂಬುತ್ತಾರೆ?

ಆ ದಿನ ತೋಟಕ್ಕೆ ಕರೆಂಟು ಐದಕ್ಕೆ ಹೋಗಲಿಲ್ಲ. ಕತ್ತಲಾದ ಮೇಲೂ ಇತ್ತೆಂದು ನಮ್ಮ ಮನೆಯವರ ಫೋನು ತೋರಿಸಿತು. ಇದನ್ನು ನಾವಿಬ್ಬರೂ ಅತ್ತೆಗೆ ಹೇಳಿಲ್ಲ. ನಮ್ಮ ನಿದ್ದೆ ಕೆಡಿಸಿದ್ದು ಅದೇ. ನಾನು ಕಣ್ಣು ಮುಚ್ಚಿದರೆ ಆ ಮೇಲೆತ್ತಿದ ಕೈ ಕಾಣುತ್ತಿತ್ತು. ಎಚ್ಚರವಾಗಿ ತಿರುಗಿದರೆ ಪಕ್ಕದಲ್ಲಿ ಅವರ ಮುಖದ ಮೇಲೆ ಫೋನಿನ ಬೆಳಕು. ಮೋಟರ್ ಆಫ್ ಇದೆಯಾ ಎಂದು ನೋಡುತ್ತಿದ್ದರು. ತಾಯಿ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ, ಮಗ ಇಲ್ಲಿ ಯಗಟಿಯ ನೀರು ನಿಲ್ಲಿಸುತ್ತಿದ್ದಾನೆ. ಹಗಲಲ್ಲಿ ನಾಲ್ಕು ಗಂಟೆ ಬಂತೆಂದರೆ ನಾನು ಫೋನನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೆ. ಅತ್ತೆಯ ಮಣಿಕಟ್ಟೂ ಊದಿದ್ದರಿಂದ ಕುಟ್ಟಾಣಿ ಕಪಾಟು ಸೇರಿತ್ತು, ವಾಚು ಮೇಜಿನ ಮೇಲಿತ್ತು. ಎಲೆ ಅಡಿಕೆಯನ್ನು ಮಿಕ್ಸಿಯಲ್ಲಿ ತಿರುವಿ ಕೊಟ್ಟೆ. ಬಾಯಿಗಿಟ್ಟುಕೊಂಡು, "ಇದಕ್ಕೆ ಒಗ್ಗರಣೆ ಯಾರ್ ಹಾಕ್ತಾರೆ?" ಎಂದು ಕೇಳಿದಳು.

ಬಸ್ಸಿನ ವಿಷಯವನ್ನು ಯಾರೂ ಎತ್ತಲಿಲ್ಲ. ಷರತ್ತು ಷರತ್ತೇ ಎಂದು ಅವಳಿಗೆ ಗೊತ್ತಿತ್ತು. ಒಂದು ಸಂಜೆ ಎಲೆ ಅಡಿಕೆಯ ಸಂಚಿಯನ್ನು ನನ್ನ ಕೈಗೆ ಕೊಟ್ಟು, ಎತ್ತಿಡು, ಮನೇಲಿ ಕೂತು ಏನು ಮೆಲ್ಲೋದು ಎಂದಳು. ಹಾಗೆ ಮಾತಾಡುವವಳಲ್ಲ ಅತ್ತೆ. ಆ ರಾತ್ರಿ ನಾನು ನಮ್ಮ ಮನೆಯವರಿಗೆ ಹೇಳಿದೆ, ವಾಚು ಅವಳನ್ನು ಚೆನ್ನಾಗಿದ್ದೀಯಾ ಎಂದು ಕೇಳಲಿಲ್ಲ, ಮನೆಯಲ್ಲಿ ಕೂರ್ತೀಯಾ ಎಂದು ಕೇಳಿತು. ಹಾಗೆ ಕೇಳುವಂತೆ ಮಾಡಿದ್ದು ನಮ್ಮ ಷರತ್ತು ಎಂದು. ಅಲ್ಲದೆ ನಮ್ಮ ಕಡೆ ಹೇಗಿದ್ದೀಯ ಎಂದರೆ ಚೆನ್ನಾಗಿಲ್ಲ ಎಂದು ಯಾರು ತಾನೇ ಹೇಳಿದ್ದಾರೆ? ಅದು ಉತ್ತರವಲ್ಲ, ಮರ್ಯಾದೆ.

ಮರುದಿನ ಬೆಳಿಗ್ಗೆ ಅವರು ಕಾಫಿ ಲೋಟ ಹಿಡಿದು ತಾಯಿಯ ಮಂಚದ ತುದಿಗೆ ಕುಳಿತರು.

"ಅವ್ವ, ಕಾಲು ಸರಿಹೋದ್ಮೇಲೆ ಹೋಗು ತೋಟಕ್ಕೆ. ಬಿದ್ರೆ ಬಿದ್ದೆ ಅನ್ನು."

"ಅಂದ್ರೆ?"

"ಅಂದ್ರೂ ಕಳಿಸ್ತೀನಿ."

ಅತ್ತೆ ನಂಬಲಿಲ್ಲ. ಮತ್ತೊಮ್ಮೆ ಹೇಳಿಸಿಕೊಂಡಳು. ಆಮೇಲೆ ನನ್ನನ್ನು ಕರೆದು, ನೀನೂ ಕೇಳಿಸ್ಕೋ ಎಂದು ಮೂರನೇ ಸಲವೂ ಹೇಳಿಸಿದಳು.

ಬ್ಯಾಂಡೇಜು ಬಿಚ್ಚುವಷ್ಟರಲ್ಲಿ ನಮ್ಮ ಮನೆಯವರು ಹೊಂಡದ ಸುತ್ತ ತಂತಿ ಬಲೆ ಹಾಕಿಸಿ, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟರು. ಮೊಬೈಲ್ ಸ್ಟಾರ್ಟರ್ ಇಟ್ಟುಕೊಂಡರು, ಆದರೆ ಅತ್ತೆ ತೋಟದಲ್ಲಿರುವ ದಿನ ಅವಳನ್ನು ಕೇಳದೆ ಮೋಟರ್ ಹಾಕುವುದಿಲ್ಲ. ಅತ್ತೆ ಮಗನ ಮಾತು ಪಾಲಿಸಿದ್ದು ಮಾತ್ರ ನಾವು ಎಣಿಸಿದ ರೀತಿಯಲ್ಲಲ್ಲ. ಕೈಗೆ ವಾಚು ಮರಳಿದ್ದೇ ತಡ, ನಿಜ ಹೇಳಬೇಕಲ್ಲ ಎಂದು ಹೊತ್ತುಗೊತ್ತಿಲ್ಲದೆ ಕೆಂಪು ಗುಂಡಿ ಒತ್ತತೊಡಗಿದಳು. ಪಾಠ ಮಾಡುತ್ತಿದ್ದವಳು ಗಾಬರಿಯಿಂದ ಹೊರಗೆ ಓಡಿ ಬಂದು ಎತ್ತಿದರೆ, "ಮಂಡಿ ಹಿಡ್ಕಂಡೈತೆ. ನಿಜ ಹೇಳು ಅಂದ್ರಲ್ಲ, ಅದಕ್ಕೇ ಹೇಳ್ದೆ" ಎನ್ನುತ್ತಿದ್ದಳು. ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟದ್ದು, ನಾದಿನಿ ಎರಡು ದಿನದಿಂದ ಮಾತಾಡಿಸದೆ ಬೇಜಾರಾದದ್ದು, ಎಲ್ಲವೂ ಕೆಂಪು. ಇತಿಹಾಸದ ಮೇಡಂ ಈಗ ನಗುವುದಿಲ್ಲ. ಫೋನು ಗುಂಯ್ ಎಂದರೆ ಪೆನ್ನು ಕೆಳಗಿಟ್ಟು, ನಾನು ಓದಿ ಮುಗಿಸುವವರೆಗೆ ಕಾಯುತ್ತಾರೆ.

ಮತ್ತೆ ಬಸ್ಸು ಹತ್ತುವ ದಿನ ಅತ್ತೆ ಬೆಳಗಾಗುವ ಮೊದಲೇ ಎದ್ದು ಸೀರೆ ಉಟ್ಟಿದ್ದಳು. ಬಸ್ ನಿಲ್ದಾಣಕ್ಕೆ ಬಿಡಲು ಹೋದ ನನ್ನನ್ನು, ಟಾಟಾ ಮಾಡಲು ನಾನೇನು ಸ್ಕೂಲಿಗೆ ಹೋಗುತ್ತಿದ್ದೇನಾ ಎಂದು ಬೇಗ ಕಳಿಸಿದಳು. ಸಂಚಿಯೊಳಗೆ ಕುಟ್ಟಾಣಿ ಕುಟ್ಟುವ ಕಡ್ಡಿಗೆ ತಗುಲಿ ಟಣ್ ಎನ್ನುತ್ತಿತ್ತು. ಆ ದಿನ ಏನು ಪಾಠ ಮಾಡಿದೆನೋ ಮಕ್ಕಳನ್ನೇ ಕೇಳಬೇಕು. ನಾಲ್ಕಕ್ಕೆ ಸ್ಟಾಫ್ ರೂಮಿನಲ್ಲಿ ಫೋನನ್ನು ಮೇಜಿನ ಮಧ್ಯದಲ್ಲಿಟ್ಟು ಕುಳಿತೆ. ಅಜ್ಜಂಪುರದಲ್ಲಿ ಅವರೂ ಹಾಗೆಯೇ ಕುಳಿತಿದ್ದರಂತೆ.

ಗುಂಯ್ ಎಂದಿತು. ಬಿದ್ದಿರುವಂತಿದೆ.

ಕಾದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಕಣ್ಣು ಕಿರಿದು ಮಾಡಿ, ಗುಂಡಿ ಹುಡುಕುತ್ತಿದ್ದಾಳೆ ಎಂದು ಗೊತ್ತಿತ್ತು. ಆದರೂ ಕಾದೆ.

ಚೆನ್ನಾಗಿದ್ದೇನೆ ಎಂದು ತಿಳಿಸಿದ್ದಾರೆ.

ನಾನೇ ಫೋನ್ ಮಾಡಿದೆ. ಎತ್ತಿದಳು. ಅರ್ಧ ಮಾತು ನುಂಗಿದ, ರಸ ತುಂಬಿದ, ಒಂದಕ್ಷರವೂ ಅರ್ಥವಾಗದ ದನಿ. ಅದರಲ್ಲಿ ಬೈಗುಳವಿತ್ತು ಎಂಬುದಷ್ಟೇ ತಿಳಿಯಿತು. ಇಟ್ಟುಬಿಟ್ಟೆ.

ಸಂಜೆಯ ಬಸ್ಸಿಗೆ ಬಂದಳು, ಕೈಚೀಲದಲ್ಲಿ ಎರಡು ಕಾಯಿ. ಮಂಡಿ ನೋವು ಎಂದು ಬಾಗಿಲಲ್ಲೇ ಹೇಳಿದಳು, ಎಣ್ಣೆ ಕಾಯಿಸಿ ಕೊಟ್ಟೆ. ಊಟವಾದ ಮೇಲೆ ನಮ್ಮ ಮನೆಯವರು ಫೋನನ್ನು ಚಾರ್ಜಿಗೆ ಹಾಕಿ, ಅಡುಗೆಮನೆಯಲ್ಲೇ ಬಿಟ್ಟು ಬಂದರು.

ಮತ್ತೆ ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಹಾಸಿಗೆಯ ಮೇಲಿತ್ತು. ಹಾಲಿನವನು ಬಂದು ಹೋಗಿದ್ದ. ಕೋಣೆಯ ಬಾಗಿಲಲ್ಲಿ ಅತ್ತೆ ಕೋಲೂರಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

"ಏನ್ರೋ, ಇಬ್ರೂ ಬಿದ್ದೋಗಿದ್ರಾ?"

ಚೆನ್ನಾಗಿದ್ದೀವತ್ತೆ ಎಂದೆ.